ಮಳೆ ಅಳೆದರೆ ಸಾಲದು

ಅಮೆರಿಕದ ನೆವಾಡದ ಬೆಟ್ಟಗಳಲ್ಲಿ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಜೇಮ್ಸ್ ಚರ್ಚ್ ಎಂಬ ಪ್ರಾಧ್ಯಾಪಕರು (ಪಾಠ ಹೇಳುತ್ತಿದ್ದುದು ಲ್ಯಾಟಿನ್!) ಟೊಳ್ಳು ಕೊಳವೆಯನ್ನು ಹಿಮಕ್ಕಿಳಿಸಿ, ಸಿಕ್ಕ ಹಿಮವನ್ನು ತೂಗಿ, ಅದು ಕರಗಿ ಮುಂದೆ ಬರುವ ನೀರನ್ನು ಲೆಕ್ಕ ಹಾಕುವ ವಿಧಾನ ರೂಪಿಸಿದರು. ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರಗಳಲ್ಲಿ ಹಿಮವಿಲ್ಲ. ಇಲ್ಲಿ ಮಳೆಗಾಲದ ನೀರನ್ನು ಬೇಸಿಗೆಗೆ ಕಾದಿಡುವುದು ಕೆರೆ, ಜಲಾಶಯ ಮತ್ತು ನೆಲದಡಿಯ ಬಿರುಕುಬಂಡೆ. ಮೂರನೆಯದನ್ನು ಅಳೆಯದೆ ಹೇಳುವ ನೀರಿನ ಮುನ್ಸೂಚನೆ ಬರೀ ಊಹೆ.

ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕಗಳಿವೆಯಲ್ಲ, ಸಾಲದೇ ಎಂದು ಕೇಳಬಹುದು. ತಿಪ್ಪಗೊಂಡನಹಳ್ಳಿಯನ್ನು ನೋಡಿ. ಅರ್ಕಾವತಿ, ಕುಮುದ್ವತಿ ಸೇರುವಲ್ಲಿ 1933ರಲ್ಲಿ ಕಟ್ಟಿದ ಈ ಜಲಾಶಯದ ಒಳಹರಿವು ದಶಕಗಳಿಂದ ಕುಸಿಯುತ್ತ ಬಂತು. ಮಳೆ ಮಾತ್ರ ಹಾಗೆ ಕುಸಿದಿರಲಿಲ್ಲ. ಇದನ್ನು ಅಧ್ಯಯನ ಮಾಡಿದ ಏಟ್ರೀ ಸಂಸ್ಥೆಯ ಸಂಶೋಧಕರು ಮುಖ್ಯವಾಗಿ ಬೆರಳು ತೋರಿದ್ದು ಕೊಳವೆಬಾವಿಗಳತ್ತ ಮತ್ತು ನೀಲಗಿರಿ ತೋಪುಗಳತ್ತ. ಅಂದರೆ ಬಿದ್ದ ಮಳೆ ಹೊಳೆಗೆ ಹರಿಯುವ ಮುನ್ನ ಬರಿದಾದ ನೆಲವೇ ಅದನ್ನು ಕುಡಿಯುತ್ತಿದೆ. ನೆಲದಡಿಯ ನೀರನ್ನು ಅಳೆಯಲು ಬಾವಿಗಳ ಮಟ್ಟವನ್ನೇ ನೋಡಬೇಕು. ಬಂಡೆನೆಲದಲ್ಲಿ ಒಂದು ಬಾವಿಯ ಮಟ್ಟ ಪಕ್ಕದ ಹೊಲಕ್ಕೂ ಹೊಂದದು ಎಂಬ ಆಕ್ಷೇಪ ನಿಜವೇ. ಅದಕ್ಕೇ ಊರಿಗೆ ನಾಲ್ಕಾರು ಬಾವಿಗಳನ್ನಾದರೂ ಅಳೆಯಬೇಕು. ಮಳೆ ನಿಂತ ಮೇಲೆ ಆ ಮಟ್ಟ ತಿಳಿದರೆ, ಬೇಸಿಗೆಯಲ್ಲಿ ಎಷ್ಟು ಹಿಪ್ಪುನೇರಳೆಗೆ ನೀರುಣಿಸಬಹುದೆಂದು ರೇಷ್ಮೆ ಬೆಳೆಗಾರರು ಮೊದಲೇ ತೀರ್ಮಾನಿಸಬಹುದು. ಮುಂದಿನ ಗ್ರಾಮಸಭೆಯಲ್ಲಿ ಮಳೆಯ ಲೆಕ್ಕದ ಜತೆ ಬಾವಿಗಳ ಲೆಕ್ಕವನ್ನೂ ಕೇಳಿ.