ರಾಹುವಿನ ತಲೆ, ಟವರಿನ ಅಲೆ

ಗ್ರಹಣ ‘ಹಿಡಿಯುತ್ತದೆ’, ಆಮೇಲೆ ‘ಬಿಡುತ್ತದೆ’. ಹಿಡಿಯಲು ಕೈಯೋ ಬಾಯಿಯೋ ಇರಬೇಕಲ್ಲ? ಸಮುದ್ರಮಥನದ ಕಥೆ ಆ ಬಾಯಿಯನ್ನು ಒದಗಿಸಿತು. ಕದ್ದು ಅಮೃತ ಕುಡಿಯುತ್ತಿದ್ದ ರಾಹುವನ್ನು ಸೂರ್ಯಚಂದ್ರರು ತೋರಿಸಿಕೊಟ್ಟರು. ವಿಷ್ಣುವಿನ ಚಕ್ರ ಕತ್ತು ಕತ್ತರಿಸಿತು. ಅಮೃತ ಗಂಟಲವರೆಗೆ ಇಳಿದಿತ್ತು, ತಲೆ ಸಾಯಲಿಲ್ಲ. ಹಗೆ ತೀರಿಸಲು ಅದು ಇಬ್ಬರನ್ನೂ ನುಂಗುತ್ತದೆ. ಹೊಟ್ಟೆಯೇ ಇಲ್ಲ, ನುಂಗಿದ್ದು ಕತ್ತಿನಿಂದ ಹೊರಬೀಳುತ್ತದೆ. ಗ್ರಹಣ ಏಕೆ ಬಿಡುತ್ತದೆ ಎಂಬುದಕ್ಕೂ ಉತ್ತರ ಸಿಕ್ಕಿತು! ಕಥೆ ಕಟ್ಟಿದವರು ಆಕಾಶವನ್ನು ಚೆನ್ನಾಗಿಯೇ ನೋಡಿದ್ದರು.

ತಿಳಿಯದ್ದಕ್ಕೆ ತಿಳಿದದ್ದರ ರೂಪ ಕೊಡುವುದು ಮಿದುಳಿನ ಹಳೆಯ ಚಟ. ಅಮೆರಿಕದಲ್ಲಿದ್ದ ಮನೋವಿಜ್ಞಾನಿಗಳಾದ ಫ್ರಿಟ್ಸ್ ಹೈಡರ್, ಮರಿಯಾನೆ ಸಿಮೆಲ್ 1944ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದಕ್ಕೆ ಸಾಕ್ಷಿ. ಪುಟ್ಟ ಚಲನಚಿತ್ರ, ಅದರಲ್ಲಿ ಓಡಾಡುವುದು ಎರಡು ತ್ರಿಕೋನ, ಒಂದು ವೃತ್ತ. ಕಂಡದ್ದನ್ನು ಬರೆಯಿರಿ ಎಂದಾಗ 34 ವಿದ್ಯಾರ್ಥಿನಿಯರಲ್ಲಿ ಒಬ್ಬಳು ಮಾತ್ರ ಅವನ್ನು ಬರೀ ಆಕೃತಿಗಳೆಂದು ವರ್ಣಿಸಿದಳು. ಉಳಿದವರಿಗೆ ಅವು ಜಗಳವಾಡುವ, ಅಟ್ಟಿಸಿಕೊಂಡು ಹೋಗುವ ಜೀವಿಗಳು.

ಮೂರು ಗೆರೆಯಲ್ಲಿ ಪುಂಡನನ್ನು ಕಾಣುವ ಮಿದುಳು ಮೊಬೈಲ್ ಟವರನ್ನು ಬಿಟ್ಟೀತೆ? 2020ರ ಏಪ್ರಿಲ್‌ನಲ್ಲಿ ಬ್ರಿಟನ್ನಿನಲ್ಲಿ, ಕೋವಿಡ್‌ಗೆ 5ಜಿ ಕಾರಣ ಎಂಬ ಗಾಳಿಸುದ್ದಿಯ ಬೆನ್ನಿಗೇ ಹತ್ತಾರು ಟವರುಗಳಿಗೆ ಬೆಂಕಿ ಬಿತ್ತು. ಮರುವರ್ಷ ನಮ್ಮಲ್ಲೂ ಅದೇ ಮಾತು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಕನ್ನಡದಲ್ಲಂತೂ ರೂಪಕ ಸಿದ್ಧವಾಗಿಯೇ ಇತ್ತು: ಸೋಂಕಿನದೂ ಅಲೆ, ರೇಡಿಯೋದ್ದೂ ಅಲೆ. ಮೊದಲನೆಯದು ರೋಗಿಗಳ ಲೆಕ್ಕದ ಏರಿಳಿತ. ಎರಡನೆಯದು ವಿದ್ಯುತ್ಕಾಂತೀಯ ತರಂಗ. ವೈರಾಣುವನ್ನು ಅದು ಹೊತ್ತು ತರಲಾರದು.

ಹಾಗೆಂದು ಪುರಾಣವನ್ನೂ ಪಿತೂರಿ ಕಥೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನಾನು ಒಪ್ಪೆ. ಗ್ರಹಣವೆಂದರೆ ನೆರಳು ಎಂದು ಆರ್ಯಭಟ 5ನೇ ಶತಮಾನದ ಕೊನೆಗೇ ಬರೆದ. ನಮ್ಮ ಖಗೋಳ ಗಣಿತ ರಾಹುವನ್ನು ಓಡಿಸಲಿಲ್ಲ, ಕೆಲಸಕ್ಕೆ ಹಚ್ಚಿತು. ಚಂದ್ರನ ಹಾದಿ ಸೂರ್ಯನ ಹಾದಿಗೆ ಸುಮಾರು 5 ಡಿಗ್ರಿ ಓರೆ. ಅವೆರಡೂ ಕತ್ತರಿಸುವ ಬಿಂದುಗಳಿಗೆ ರಾಹು, ಕೇತು ಎಂದೇ ಹೆಸರಾಯಿತು. 18.6 ವರ್ಷಕ್ಕೆ ಅವು ಒಂದು ಸುತ್ತು ಬರುತ್ತವೆ. (ಅದೇ ರಾಹುವಿನ ಹೆಸರಲ್ಲಿ ಹೊಸ ಕಾರು ಶೋರೂಮಿನಲ್ಲೇ ಒಂದೂವರೆ ಗಂಟೆ ಕಾಯುವುದು ಬೇರೆ ಮಾತು.) ಪಿತೂರಿ ಕಥೆ ಹೀಗೆ ಬಗ್ಗುವುದಿಲ್ಲ. ಪುರಾವೆ ಇಲ್ಲವೆಂದರೆ, ಮುಚ್ಚಿಟ್ಟಿದ್ದಾರೆ ಎನ್ನುತ್ತದೆ.

ಅಂದಹಾಗೆ, ಭಾರತದಲ್ಲಿ 5ಜಿ ಸೇವೆ ಶುರುವಾದದ್ದು 2022ರ ಅಕ್ಟೋಬರ್ 1ರಂದು, ಎರಡನೇ ಅಲೆ ಇಳಿದು ವರ್ಷ ದಾಟಿದ ಮೇಲೆ.