ಕಂಪಾಸ್ ಪೆಟ್ಟಿಗೆಯೊಳಗಿನ ನಿಕೋಟಿನ್

ಇ-ಸಿಗರೇಟಿನಲ್ಲಿ ಬೆಂಕಿಯಿಲ್ಲ, ಬೂದಿಯಿಲ್ಲ. ಪುಟ್ಟ ಬ್ಯಾಟರಿ, ಕಾಯುವ ತಂತಿಸುರುಳಿ, ಸುರುಳಿಗೆ ತಾಗಿದ ಹತ್ತಿ, ಆ ಹತ್ತಿ ಹೀರುವ ದ್ರವ, ಒಳಗಿರುವುದು ಇಷ್ಟೇ. ಬಾಯಿಗಿಟ್ಟು ಎಳೆದೊಡನೆ ಸುರುಳಿ ಕಾದು ದ್ರವ ಆವಿಯಾಗುತ್ತದೆ. ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಮಾವು ಪುದೀನಗಳ ಪರಿಮಳ, ಇವುಗಳ ಜೊತೆಗೆ ಸಾಮಾನ್ಯವಾಗಿ ನಿಕೋಟಿನ್ ಆ ದ್ರವದಲ್ಲಿರುತ್ತದೆ. ಇದನ್ನು ಸೇದುವುದೇ ವೇಪಿಂಗ್. ಕೆಲವು ವೇಪ್‌ಗಳು ಪೆನ್ನಿನಂತೆ, ಕೆಲವು ಪೆನ್‌ಡ್ರೈವ್‌ನಂತೆ ಇರುವುದರಿಂದ ಕಂಪಾಸ್ ಪೆಟ್ಟಿಗೆಯಲ್ಲಿದ್ದರೂ ಗುರುತು ಸಿಗದು. ಬೀಡಿಯ ಹಾಗೆ ಬಟ್ಟೆಗೆ ಹೊಗೆಯ ವಾಸನೆಯೂ ಹತ್ತುವುದಿಲ್ಲ. ಹೆತ್ತವರೂ ಮೇಷ್ಟ್ರುಗಳೂ ಮೋಸಹೋಗುವುದು ಇಲ್ಲಿಯೇ.

ಮೊದಲ ಬೀಡಿಗೆ ಹುಡುಗ ಕೆಮ್ಮಿ ಎಸೆಯುವುದುಂಟು. ಗಂಟಲಿನ ಆ ಉರಿಯೇ ಅವನಿಗೊಂದು ಕಾವಲು. ಹೊಸ ಬಗೆಯ ವೇಪ್‌ಗಳಲ್ಲಿ ನಿಕೋಟಿನ್ನಿಗೆ ಬೆಂಜೋಯಿಕ್ ಆಮ್ಲ ಬೆರೆಸಿ ಉರಿಯನ್ನು ತಗ್ಗಿಸಿದ್ದಾರೆ. ಹೀಗಾಗಿ ಹೆಚ್ಚು ನಿಕೋಟಿನ್ ಸಲೀಸಾಗಿ ಒಳಗಿಳಿಯುತ್ತದೆ. ಮಿದುಳು ಸುಮಾರು 25ನೇ ವಯಸ್ಸಿನವರೆಗೂ ಬೆಳೆಯುತ್ತಿರುತ್ತದೆ. ಗಮನ, ಕಲಿಕೆ, ಮನಸ್ಸಿನ ಹಿಡಿತ ರೂಪುಗೊಳ್ಳುವ ಹೊತ್ತಿನಲ್ಲೇ ಚಟ ಬೇರೂರಿದರೆ ಕೀಳುವುದು ಕಷ್ಟ. ಅಮೆರಿಕದಲ್ಲಿ 2019ರ ಹೊತ್ತಿಗೆ ಪ್ರೌಢಶಾಲೆಯ 27.5% ವಿದ್ಯಾರ್ಥಿಗಳು ವೇಪ್ ಸೇದುತ್ತಿದ್ದರು. 2024ಕ್ಕೆ ಅದು 7.8%ಕ್ಕೆ ಇಳಿಯಿತು. ಈ ಚಟವನ್ನು ತಗ್ಗಿಸಲು ಸಾಧ್ಯವೆಂಬುದಕ್ಕೆ ಇಷ್ಟು ಸಾಕು.

ಕರ್ನಾಟಕ 2016ರಲ್ಲೇ ಇ-ಸಿಗರೇಟು ನಿಷೇಧಿಸಿತು. 2019ರ ಕೇಂದ್ರ ಕಾಯ್ದೆ ಅದರ ತಯಾರಿಕೆ, ಆಮದು, ಮಾರಾಟ, ಜಾಹೀರಾತುಗಳನ್ನು ದೇಶದಾದ್ಯಂತ ನಿಲ್ಲಿಸಿತು. ಮೊದಲ ತಪ್ಪಿಗೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದ್ದರಿಂದ ವೇಪ್ ವಿಷಯದಲ್ಲಿ ಆಂಧ್ರದ ಕರ್ನೂಲು ಜಿಲ್ಲೆಯ ಆದವಾನಿಗೂ ಗಡಿಯಾಚೆ ಕರ್ನಾಟಕದ ಸಿರುಗುಪ್ಪಕ್ಕೂ ಒಂದೇ ಕಾನೂನು. ತಂಬಾಕಿನಲ್ಲಿ ಮಾತ್ರ ಗಡಿ ಎದ್ದು ಕಾಣುತ್ತದೆ: ಕರ್ನಾಟಕ ತನ್ನ ತಿದ್ದುಪಡಿಯಿಂದ ಖರೀದಿಯ ವಯಸ್ಸನ್ನು 21ಕ್ಕೆ ಏರಿಸಿದೆ, ದೇಶದ ಮೂಲ ಕಾಯ್ದೆಯಲ್ಲಿ ಅದು 18.

ಕನ್ನಡ ಮಾಧ್ಯಮದ ಶಾಲೆಗಳಿರುವ ಆದವಾನಿ ಸೀಮೆಯಲ್ಲಿ ಬೀಡಿ, ಗುಟ್ಕಾ ಹಳೆಯ ಪಿಡುಗುಗಳು, ವೇಪ್ ಹೊಸದು. ವೇಪ್‌ನ ಗದ್ದಲದಲ್ಲಿ ಗುಟ್ಕಾವನ್ನು ಮರೆತರೆ ದೊಡ್ಡ ಅನ್ಯಾಯ. 13ರಿಂದ 15 ವರ್ಷದ ವಿದ್ಯಾರ್ಥಿಗಳ 2019ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಇ-ಸಿಗರೇಟನ್ನು ಒಮ್ಮೆಯಾದರೂ ಸೇದಿದವರು 2.8%, ಯಾವುದಾದರೂ ತಂಬಾಕು ಬಳಸುತ್ತಿದ್ದವರು 8.5%. ಮಳೆ ಕೈಕೊಟ್ಟರೆ ಕರ್ನೂಲಿನ ಪಶ್ಚಿಮ ಭಾಗದ ಅನೇಕ ಕುಟುಂಬಗಳು ಬೆಂಗಳೂರಿಗೆ, ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ ಗುಳೆ ಹೋಗುತ್ತವೆ. ಅಜ್ಜಿಯ ಬಳಿ ಉಳಿದ ಮಗುವಿನ ಚೀಲದಲ್ಲಿ ಏನಿದೆಯೆಂದು ನೋಡುವ ಕಣ್ಣುಗಳು ಆಗ ಕಡಿಮೆ.

ಕಾರಣವಿಲ್ಲದ ಕೆಮ್ಮು, ಸಿಡುಕು, ಬಟ್ಟೆ ಪುಸ್ತಕಗಳಲ್ಲಿ ಹಣ್ಣಿನ ಪರಿಮಳ, ಯಾವ ಫೋನಿಗೂ ಸೇರದ ಚಾರ್ಜರ್ ಕಂಡರೆ ಮಗುವನ್ನು ಕೂರಿಸಿಕೊಂಡು ಮಾತಾಡಬೇಕು. ಹೊಡೆದರೆ ಅದು ಇನ್ನಷ್ಟು ಮುಚ್ಚಿಡುತ್ತದೆ. ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿದರೆ ತಂಬಾಕು ಬಿಡಲು ಉಚಿತ ಸಲಹೆ ಸಿಗುತ್ತದೆ. ಅದರ ದಕ್ಷಿಣದ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದು, ಕನ್ನಡ, ತೆಲುಗು ಎರಡರಲ್ಲೂ ಮಾತಾಡಬಹುದು.