ಪಿಗ್ಮಿ ಮಾವ ಕೇಳಿದ ಪ್ರಶ್ನೆ

ಕಳೆದ ಅಪ್ರೈಸಲ್‌ನಲ್ಲಿ ನನಗೆ ಸಿಕ್ಕಿದ್ದು ಸಾಧಾರಣ ರೇಟಿಂಗ್. ವರ್ಷವಿಡೀ ರಾತ್ರಿ ಕೂತು ಹೊಸ ಫೀಚರ್ ಮಾಡಿದ್ದೆ. ಪಟ್ಟಿಯಲ್ಲಿದ್ದ ಗೋಲ್‌ಗಳೆಲ್ಲ ಮುಗಿದಿದ್ದವು. ಆದರೆ ಆ ವರ್ಷ ಕಂಪೆನಿಗೆ ಬೇಕಿದ್ದದ್ದು, ಇರುವ ಗ್ರಾಹಕರು ಬಿಟ್ಟು ಹೋಗದ ಹಾಗೆ ನೋಡಿಕೊಳ್ಳುವುದು. ಅದು ನನಗೆ ಗೊತ್ತಾದದ್ದು ರೇಟಿಂಗ್ ಬಂದ ಮೇಲೆ!

ಬೇಜಾರಲ್ಲಿ ಕುಂದಾಪುರಕ್ಕೆ ಬಂದಾಗ ಮಾವನ ಹತ್ರ ಹೇಳಿಕೊಂಡೆ. ಅವರು ಪೇಟೆಯ ಅಂಗಡಿ ಅಂಗಡಿ ತಿರುಗಿ ಪಿಗ್ಮಿ ಸಂಗ್ರಹಿಸಿದವರು. "ನೀ ಮಾಡಿದ್ ಸಮ ಮಾರಾಯಾ. ಅದ್ರಿಂದ ಕಂಪೆನಿಗ್ ಎಂತ ಆಯ್ತ್, ಹೇಳ್ ಕಾಂಬ?" ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ.

ಪಿಗ್ಮಿ ಹುಟ್ಟಿದ್ದು ನಮ್ಮ ಕರಾವಳಿಯಲ್ಲೇ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಅವರು 1925ರಲ್ಲಿ ಉಡುಪಿಯಲ್ಲಿ ಕಟ್ಟಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 2020ರಲ್ಲಿ ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಶುರುವಾದದ್ದು 1928ರಲ್ಲಿ. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು, ಏಜೆಂಟರೇ ಬಾಗಿಲಿಗೆ ಬಂದು ತೆಗೆದುಕೊಳ್ಳುತ್ತಿದ್ದರು.

ಇಲ್ಲಿರುವ ಜಾಣತನ ನೋಡಿ. ಬ್ಯಾಂಕಿಗೆ ಬೇಕಿದ್ದದ್ದು ಸಣ್ಣ ದುಡಿಮೆಯವರ ನಿತ್ಯದ ಉಳಿತಾಯ. ಏಜೆಂಟರಿಗೆ ಕಮಿಷನ್ ಸಿಗುವುದು ಸಂಗ್ರಹವಾದ ಹಣದ ಮೇಲೆ. ಬರೀ ಖಾತೆ ತೆರೆಸಿ ಕೈ ತೊಳೆದುಕೊಂಡರೆ ಹೊಟ್ಟೆ ತುಂಬುವುದಿಲ್ಲ. ನಾಳೆ, ನಾಡಿದ್ದು ಅದೇ ಅಂಗಡಿಗೆ ಹೋಗಬೇಕು, ವಿಶ್ವಾಸ ಉಳಿಸಿಕೊಳ್ಳಬೇಕು. ಮಾವನ ದಿನದ ಗುರಿ, ಬ್ಯಾಂಕಿನ ಗುರಿ ಎರಡೂ ಒಂದೇ ಚೀಲದಲ್ಲಿ!

ಆದರೆ ಗುರಿ ಒಂದಾದರೆ ಸಾಕಾ? ಸಂಸ್ಥೆಯೂ ನಮ್ಮನ್ನು ತನ್ನವರು ಅನ್ನಬೇಕು. ಪಿಗ್ಮಿ ಸಂಗ್ರಾಹಕರು ಬ್ಯಾಂಕಿನ ಕಾರ್ಮಿಕರೇ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2001ರಲ್ಲಿ. ಅದಕ್ಕಾಗಿ ಅವರು ವರ್ಷಗಟ್ಟಲೆ ಹೋರಾಡಬೇಕಾಯಿತು. ಕಂಪೆನಿಯ ಗುರಿಗೆ ನಾವು ಹೊಂದಿಕೊಳ್ಳುವಾಗ, ನಮ್ಮ ಸಂಬಳ, ಭದ್ರತೆ, ಕಲಿಕೆಯ ಬಗ್ಗೆ ಕೇಳುವುದು ದುರಾಸೆಯಲ್ಲ.

ಈ ಸಲ ಗೋಲ್ ಬರೆಯುವ ಮೊದಲು ಮ್ಯಾನೇಜರ್ ಹತ್ರ ಮೂರು ಪ್ರಶ್ನೆ ಕೇಳಿದೆ. ಈ ವರ್ಷ ಕಂಪೆನಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಯಾವುದು? ನನ್ನ ಕೆಲಸದಿಂದ ಅದರಲ್ಲಿ ಏನು ಬದಲಾಗಬೇಕು? ಅದು ಬದಲಾದರೆ ನನಗೇನು? ಮೊದಲೆರಡಕ್ಕೆ ಅರ್ಧ ಗಂಟೆಯಲ್ಲಿ ಉತ್ತರ ಸಿಕ್ಕಿತು. ಹಳೆಯ ಪಟ್ಟಿಯ ಐದು ಗೋಲ್‌ಗಳಲ್ಲಿ ಮೂರನ್ನು ಅಲ್ಲೇ ಅಳಿಸಿದೆವು. ಗ್ರಾಹಕರ ದೂರುಗಳನ್ನು ಕಡಿಮೆ ಮಾಡುವುದು ಈಗ ನನ್ನ ಮೊದಲ ಗೋಲ್. ಮೂರನೆಯದಕ್ಕೆ, "ಮುಂದಿನ ತಿಂಗಳು ಮಾತಾಡೋಣ" ಅಂದಿದ್ದಾರೆ.

ಬಿಡುವವನಲ್ಲ ನಾನು. ಪಿಗ್ಮಿ ಮಾವನ ಅಳಿಯ, ತಿಂಗಳಾದ ಕೂಡಲೇ ಬಾಗಿಲಿಗೆ ಹೋಗಿ ನಿಲ್ಲುತ್ತೇನೆ!